ಫೋನಿಕ್ಸ್ ಅಕ್ಕೋರನ್ನ ಹುಡುಕೂದು

ಖಾನಾಪುರದಾಗಿರೋ ನಮ್ಮ ತಂಗಿ ಮಗಳು ಮನ್ಯಾಗ ಕನ್ನಡ, ಓಣ್ಯಾಗ ಮರಾಠಿ ಪಟಪಟ ಮಾತಾಡತಾಳ. ಇಂಗ್ಲಿಷ್ ಪುಸ್ತಕ ಕಂಡ್ರ ಮಾತ್ರ ಹೊಟ್ಟಿನೋವು ಅಂತಿದ್ಲು. ಅಕೀಗೆ ಫೋನಿಕ್ಸ್ ಕಲಸೋರನ್ನ ಹುಡುಕಾಕ ಬೆಳಗಾವ್ಯಾಗ ಮೂರು ಕ್ಲಾಸಿಗೆ ಹೋಗಿ ಕುಂತು ಕೇಳಿದೆ.

ಎರಡು ಕಡೆ 'ಪ, ಇ, ನ' ಅಂತ ಹೇಳಸ್ತಿದ್ರು. ಅದನ್ನ ಕೂಡಿಸಿದ್ರ 'ಪಿನ್' ಹೆಂಗಾಗಬೇಕ್ರೆವಾ? ನಮ್ಮ ಕನ್ನಡ, ಮರಾಠಿ ವ್ಯಂಜನದಾಗ 'ಅ' ಕೂಡಿಕೊಂಡೇ ಇರತೈತಿ; ಇಂಗ್ಲಿಷ್ ಅಕ್ಷರದ ಸಪ್ಪಳದಾಗ ಅದು ಬರಬಾರದು. ಮೂರನೇ ಅಕ್ಕೋರು ತುಟಿ ತೋರಿಸಿ 'ಪ್, ಇ, ನ್' ಅಂದ್ರು. ಆಮ್ಯಾಲೆ ಅವವೇ ಅಕ್ಷರ ತಿರುವಿ ಇಟ್ಟು, ಮಕ್ಕಳು ಎಂದೂ ನೋಡದ 'ನಿಪ್' ಓದಿಸಿದ್ರು. ಅವರ ಕಡೇನ ಹಚ್ಚಿದ್ವಿ.

ಈಗ ಶನಿವಾರಕ್ಕೊಮ್ಮೆ ತಂಗಿ ಬಸ್ಸಿನ್ಯಾಗ ಕರ್ಕೊಂಡು ಬರತಾಳ. ಹೊಟ್ಟಿನೋವಿನ ಸುದ್ದಿ ಇಲ್ಲ.

ನೀವೂ ಫೀ ಕೇಳೂಕಿಂತ ಮೊದಲು ಅಕ್ಕೋರ ಬಾಯಾಗಿನ 'ಪ್' ಕೇಳ್ರಿ.