ಒಳಮನೆಯ ಕುರುಕ್ಷೇತ್ರ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಎಡಬಲದ ಊರುಗಳಲ್ಲಿ ಹುಟ್ಟಿದ ನಮಗೆಲ್ಲ ಸುಗ್ಗಿ ಮುಗಿದ ಸುದ್ದಿ ಹೇಳುತ್ತಿದ್ದದ್ದು ರಾಮಮಂದಿರದ ಕಾಲ್‌ಹಾರ್ಮೋನಿಯಂ. ರಾಗಿಹುಲ್ಲು ಮೆದೆಯೇರಿ, ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ವಾಸನೆ ಊರೆಲ್ಲ ತುಂಬಿಕೊಂಡಿದ್ದ ದಿನಗಳಲ್ಲಿ, ಮಂಡ್ಯದ ಕಡೆಯಿಂದ ಡ್ರಾಮಾ ಮೇಷ್ಟ್ರು ಕಂಕುಳಲ್ಲೊಂದು ಚೀಲ ಇಟ್ಟುಕೊಂಡು ಬಸ್ಸಿಳಿಯೋರು. ಅವರ ಊಟಕ್ಕೆ ದಿನಕ್ಕೊಂದು ಮನೆ ಸರದಿ. ನಮ್ಮ ಹಟ್ಟಿಯ ಸರದಿ ಬಂದ ದಿನ ಅವ್ವ ಉಪ್ಸಾರಿನ ಖಾರ ಅರೆಯುವಾಗ ಮೆಣಸಿನಕಾಯಿ ಕಮ್ಮಿ ಹಾಕೋಳು. ಯಾಕವ್ವ ಅಂದರೆ, ‘ಮೇಷ್ಟ್ರ ಗಂಟ್ಲು ಕಣ್ರಲಾ, ಅದು ಊರಿಂದು’ ಅನ್ನೋಳು.

ಪಾರ್ಟು ಹಂಚುವ ರಾತ್ರಿ ಊರಿಗೆ ನಿದ್ದೆಯಿಲ್ಲ. ಒಂದೊಂದು ಪಾರ್ಟಿಗೆ ಇಷ್ಟಿಷ್ಟು ದುಡ್ಡು ಕಟ್ಟಬೇಕಿತ್ತು. ಕೃಷ್ಣ, ಕರ್ಣ, ದುರ್ಯೋಧನರಿಗೆ ಜಾಸ್ತಿ, ವಿದುರ, ಸಾತ್ಯಕಿಯರಿಗೆ ಕಮ್ಮಿ. ಕೃಷ್ಣನಿಗೆ ಇಬ್ಬರು ಹಟ ಹಿಡಿದರೆ ಮೊದಲನೇ ಕೃಷ್ಣ, ಎರಡನೇ ಕೃಷ್ಣ ಅಂತ ಪಾಲಾಗೋದು. ಹೋರಿಕರು ಮಾರಿ ಭೀಮನಾದ ದೊಡ್ಡಪ್ಪ, ಕರ್ಣನ ಪಾರ್ಟು ತಪ್ಪಿತೆಂದು ವರ್ಷಗಟ್ಟಲೆ ಮಾತು ಬಿಟ್ಟ ಬಾವ, ಇಂಥವರು ಎಲ್ಲರ ಮನೆಯಲ್ಲೂ ಇದ್ದರು. ಹುಡುಗರಾದ ನಮಗೆ ಲಾಟೀನಿನ ಗಾಜನ್ನು ಬೂದಿ ಹಾಕಿ ಉಜ್ಜುವ, ಬೀಡಿ ಬೆಂಕಿಪೊಟ್ಟಣ ತರುವ, ಸೀನು ಎಳೆಯುವ ಹಗ್ಗ ಹೊಸೆಯುವ ಕೆಲಸ.

ಗಂಡಸರು ರಾಮಮಂದಿರದಲ್ಲಿ ಕಂದ, ವೃತ್ತಗಳ ಮಟ್ಟು ಕಲಿಯುತ್ತಿದ್ದರೆ, ಗೋಡೆಯ ಈಚೆಗೆ ರಾಗಿ ಬೀಸುತ್ತ, ಮುಸುರೆ ತಿಕ್ಕುತ್ತ, ಕೊಟ್ಟಿಗೆಯಲ್ಲಿ ಎಮ್ಮೆಯ ಕೆಚ್ಚಲು ತೊಳೆಯುತ್ತ, ಅವ್ವ, ಚಿಕ್ಕವ್ವ, ಮದುವೆಯಾಗದ ಅಕ್ಕಂದಿರು ಎಲ್ಲರ ಪಾರ್ಟನ್ನೂ ಕಲಿತುಬಿಡೋರು. ಅವರಿಗೆ ಯಾರೂ ಕಲಿಸಲಿಲ್ಲ, ಯಾರೂ ಕೇಳಲೂ ಇಲ್ಲ. ದ್ರೌಪದಿಯಾಗಲು ಹೊರಗಿನಿಂದ ದುಡ್ಡು ಕೊಟ್ಟು ಕಲಾವಿದೆಯನ್ನು ಕರೆಸುತ್ತಿದ್ದರೇ ಹೊರತು, ಊರ ಹೆಣ್ಣುಮಗಳೊಬ್ಬಳು ಅಟ್ಟ ಹತ್ತುವ ಮಾತೇ ಇರಲಿಲ್ಲ.

ಈ ಕಿವಿ ಅವರಿಗೆ ತಾಯಂದಿರಿಂದ ಬಂದದ್ದು. ಅಜ್ಜಿಯ ಕಾಲಕ್ಕೆ ಹಾರ್ಮೋನಿಯಂ ಎಲ್ಲಿತ್ತು? ಮೂಡಲಪಾಯದ ಭಾಗವತರು, ಮದ್ದಳೆ, ಮುಖವೀಣೆ, ಹಲಗೆ ಮುರಿಯೋ ಹಾಗೆ ಕುಣಿತ. ಮಳವಳ್ಳಿ ಸೀಮೆಯ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ನೆಲೆ. ಚಿಕ್ಕಲ್ಲೂರು ಜಾತ್ರೆಯ ಕಾಲಕ್ಕೆ ತಂಬೂರಿ, ಗಗ್ಗರ ಹಿಡಿದ ನೀಲಗಾರರು ಬಂದು ಕೂತರೆ ಕೋಳಿ ಕೂಗುವ ತನಕ ಕತೆ. ಒಬ್ಬರೇ ಮಂಟೇಸ್ವಾಮಿ, ಅವರೇ ಸಿದ್ಧಪ್ಪಾಜಿ, ಅವರೇ ಅಳುವ ತಾಯಿ.

ಪೇಟೆ ಸೇರಿ ಓದಿದ ಮೇಲೆ ದೊಡ್ಡ ದೊಡ್ಡ ಹೆಸರುಗಳು ನಮ್ಮ ಜಿಲ್ಲೆಯಲ್ಲೇ ಸಿಕ್ಕವು. ಕನ್ನಡದಲ್ಲಿ ಉಳಿದು ಬಂದಿರುವ ಮೊದಲ ನಾಟಕ ‘ಮಿತ್ರವಿಂದಾ ಗೋವಿಂದ’ವನ್ನು ಹರ್ಷನ ‘ರತ್ನಾವಳಿ’ಯ ಜಾಡಿನಲ್ಲಿ ಬರೆದ ಸಿಂಗರಾರ್ಯ, ಶ್ರೀರಂಗಪಟ್ಟಣದಿಂದ ಆಳಿದ ಚಿಕ್ಕದೇವರಾಜ ಒಡೆಯರ (1673–1704) ಆಸ್ಥಾನದವನು. ‘ಗೋಕುಲ ನಿರ್ಗಮನ’ದ ಪು.ತಿ.ನ. ಮೇಲುಕೋಟೆಯವರು. ಬಿ.ಎಂ.ಶ್ರೀ. ಹೆಸರಿನ ಮೊದಲಕ್ಷರವೇ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಗ್ರೀಕರ ಸೊಫೊಕ್ಲಿಸನ ಏಜಾಕ್ಸ್ ಅವರ ಕೈಯಲ್ಲಿ 1929ರಲ್ಲಿ ಅಶ್ವತ್ಥಾಮನಾದ. ಆ ಪುಸ್ತಕ ತೆರೆದಾಗ ಅಶ್ವತ್ಥಾಮ ನಮಗೆ ಹೊಸಬನೇನಲ್ಲ, ನಮ್ಮೂರ ಅಟ್ಟದ ಮೇಲೆ ಕಂಡವನೇ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ವೀರಣ್ಣನವರ ಕಾಲದಲ್ಲಿ ನಿಜದ ಆನೆ ಕುದುರೆ ತಂದು ಆಡಿದ ಕುರುಕ್ಷೇತ್ರದ ಬೆರಗು ಹಳ್ಳಿಹಳ್ಳಿಗೆ ಇಳಿದು, ನಮ್ಮೂರಿಗೆ ಬರುವಷ್ಟರಲ್ಲಿ ಆನೆ ಪರದೆಯ ಮೇಲಿನ ಚಿತ್ರವಾಗಿತ್ತು, ಅಷ್ಟೆ.

ನಾಟಕದ ದಿನ ಮಧ್ಯಾಹ್ನವೇ ಈಚಲುಚಾಪೆ, ಗೋಣಿಚೀಲ ಹಾಸಿ ನೆಂಟರಿಗೆಲ್ಲ ಜಾಗ ಹಿಡಿದಿಟ್ಟು ಕಾಯುತ್ತಿದ್ದೆವು. ಕತ್ತಲಾದ ಮೇಲೆ ಗ್ಯಾಸ್‌ಲೈಟಿನ ಬುಸುಗುಟ್ಟುವಿಕೆ, ಸೀಮೆಎಣ್ಣೆ, ಕೊಬ್ಬರಿಎಣ್ಣೆಯಲ್ಲಿ ಕಲಸಿದ ಬಣ್ಣ, ಹುರಿದ ಕಡಲೆಕಾಯಿ, ಹೆಂಗಸರ ಮುಡಿಯ ಕನಕಾಂಬರ, ಸೊಳ್ಳೆಗೆ ಹಾಕಿದ ಹೊಗೆ ಎಲ್ಲ ಸೇರಿದ ವಾಸನೆ. ನಾಂದಿ ಮುಗಿದು ಮೊದಲನೇ ಕೃಷ್ಣ ಎತ್ತಿದ ರಾಗ ಇಳಿಸುವ ಮೊದಲೇ ‘ಒನ್ಸ್ ಮೋರ್’, ಎದೆಗೆ ಪಿನ್ನು ಹಾಕಿ ಸಿಕ್ಕಿಸುವ ನೋಟು, ಮುಯ್ಯಿ ಮಾಡಿದವರ ಹೆಸರು ಮೈಕಿನಲ್ಲಿ ಕೂಗುವುದು, ಯುದ್ಧ ಅಷ್ಟು ಹೊತ್ತು ನಿಲ್ಲುವುದು. ದುಶ್ಶಾಸನ ಸೆರಗಿಗೆ ಕೈ ಹಾಕಿದಾಗ ‘ನಿನ್ ಕೈ ಸೇದೋಗ’ ಅಂತ ಶಾಪ ಹಾಕಿದ ಹೆಂಗಸರು ಮಾರನೇ ದಿನ ಅವನನ್ನು ಕಂಡರೂ ಮುಖ ತಿರುಗಿಸೋರು.

ಬೆಳಗಿನ ಜಾವ ಕರ್ಣನಿಗೆ ಮಾತು ಮರೆಯುತ್ತಿತ್ತು. ಪುಸ್ತಕ ಹಿಡಿದು ಪಕ್ಕದಲ್ಲಿ ಕೂತವನೂ ತೂಕಡಿಸುತ್ತಿದ್ದ. ಆಗ ಹೆಂಗಸರ ಕಡೆಯಿಂದ, ನಿದ್ದೆ ಹೋದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಅವ್ವ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಆ ಸಾಲನ್ನು ಎತ್ತಿಕೊಡೋಳು. ಕರ್ಣ ಕಿರೀಟ ಸರಿಮಾಡಿಕೊಂಡು ಮುಂದುವರಿಯುತ್ತಿದ್ದ. ಅಪ್ಪ ಎದುರಿಗೇ ಕೂತಿದ್ದೂ ಕೇಳಿಸದವನಂತೆ ಎಲೆಅಡಿಕೆ ಅಗಿಯುತ್ತಿದ್ದ.

ನಾಟಕಗಳೇನೂ ನಿಂತಿಲ್ಲ. ಮಂಡ್ಯದ ಕಲಾಮಂದಿರದಲ್ಲಿ ಈಗಲೂ ಕುರುಕ್ಷೇತ್ರ ಆಡುತ್ತಾರೆ, ಪಾರ್ಟುದಾರರ ಮುಖಗಳು ಫ್ಲೆಕ್ಸಿನಲ್ಲಿ ಹೊಳೆಯುತ್ತವೆ, ಗದೆ ಕಿರೀಟ ಮೊದಲಿಗಿಂತ ಚೆಂದ. ಊರಲ್ಲಿ ರಾಗಿ ಮಿಲ್ಲಿಗೆ ಹೋಗುತ್ತದೆ, ಬೀಸುವ ಕಲ್ಲು ಹಿತ್ತಿಲಿಗೆ ಬಿದ್ದಿದೆ, ಸಂಜೆಯ ಹೊತ್ತಿಗೆ ಒಳಮನೆಗಳಲ್ಲಿ ಟಿವಿಯದ್ದೇ ಮಾತು. ನಾವೂ ಬೆಂಗಳೂರಿನಿಂದ ಬಂದು ಕುರ್ಚಿಯಲ್ಲಿ ಕೂತು ನೋಡುತ್ತೇವೆ, ನಟರು ಬಾಯಿ ತೆರೆಯುವ ಮೊದಲೇ ಮುಂದಿನ ಮಾತು ನಮ್ಮ ತುಟಿಗೆ ಬಂದಿರುತ್ತದೆ. ಹಾಡುಗಾರಿಕೆ ಚೆನ್ನಾಗಿದ್ದರೂ, ಕೊರಳು ಎಷ್ಟು ಗಟ್ಟಿಯಿದ್ದರೂ, ಕರ್ಣ ಮಾತ್ರ ತುಸು ಶ್ರುತಿ ತಪ್ಪಿದಂತೆ ಕೇಳುತ್ತಾನೆ. ತಪ್ಪು ಅವನದಲ್ಲ. ನಾವು ಕಲಿತ ಕರ್ಣನಿಗೆ ಹೆಂಗಸಿನ ದನಿ.