ಶರಾವತಿ ಹಾಸ್ಟೆಲಿನ ಹೊಸಬಳು

ರಾತ್ರಿ ಎಂಟೂವರೆ, ಹಿಮಾಲಯ ಮೆಸ್ಸು. ತಟ್ಟೆಯಲ್ಲಿ ಎರಡು ಚಪಾತಿ, ಒಂದಿಷ್ಟು ಅನ್ನ. ಸಾಂಬಾರು ಅಂಚಿಗೆ ಬಂದು ನಿಂತಿದೆ. ನೀನೂ ನಿಂತಿದ್ದೀಯ. ಎಡಗಡೆಯ ಉದ್ದ ಮೇಜಿನ ತುಂಬ ನಿನ್ನ ಕ್ಲಾಸಿನವರೇ. ಒಂದು ಕುರ್ಚಿ ಖಾಲಿಯಿದೆ, ಅದರ ಮೇಲೆ ಯಾರದೋ ಬ್ಯಾಗು. ಅದನ್ನು ತೆಗೀತೀರಾ ಅಂತ ಇಂಗ್ಲಿಷಿನಲ್ಲಿ ಕೇಳುವುದೋ ಹಿಂದಿಯಲ್ಲೋ ಎಂದು ನೀನು ಯೋಚಿಸುವಷ್ಟರಲ್ಲಿ ಇನ್ನೊಬ್ಬಳು ಬ್ಯಾಗೆತ್ತಿಟ್ಟು ಕೂತಾಯಿತು. ಕಿಟಕಿ ಪಕ್ಕ ಹೋಗಿ ಕೂತು, ಫೋನನ್ನು ನೀರಿನ ಲೋಟಕ್ಕೆ ಒರಗಿಸುತ್ತೀಯ. ಒಬ್ಬಳೇ ಉಣ್ಣುವಾಗ ಫೋನು ಬೇಕೇ ಬೇಕು, ಇಲ್ಲದಿದ್ದರೆ ಕಣ್ಣನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ.

ಅಪ್ಪನ ಮೆಸೇಜು ಬಂದಿದೆ: 'ಲಿಂಗನಮಕ್ಕಿ 1806.' ಶರಾವತಿಯ ಆ ಅಣೆಕಟ್ಟು ತುಂಬಲು 1819 ಅಡಿ ಆಗಬೇಕು. ಮಳೆ ಹಿಡಿಯಿತೆಂದರೆ ನಿಮ್ಮ ಸಾಗರದ ಕಡೆ ದಿನವೂ ಇದೇ ಸುದ್ದಿ. ಐಐಟಿ ಮದ್ರಾಸಿನ ಹಾಸ್ಟೆಲುಗಳಿಗೆ ನದಿಗಳ ಹೆಸರು. ನಿನಗೆ ಸಿಕ್ಕಿದ್ದು ಶರಾವತಿ. ಇದನ್ನೇ ಶುಭಶಕುನವೆಂದು ಅಪ್ಪ ಸೊಸೈಟಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಹೇಳಿಕೊಂಡು ತಿರುಗಿದ್ದರು.

ಆ ಮೇಜಿನವರು ಕೆಟ್ಟವರೇನಲ್ಲ. ವಿಜಯವಾಡ, ಹೈದರಾಬಾದಿನ ರೆಸಿಡೆನ್ಷಿಯಲ್ ಕಾಲೇಜುಗಳಲ್ಲಿ ಎರಡು ವರ್ಷ ಒಟ್ಟಿಗೆ ಮಲಗೆದ್ದವರು, ಕೋಟಾದಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಇಲ್ಲಿಯ ಗೇಟು ದಾಟುವ ಹೊತ್ತಿಗೇ ಅವರ ಗೆಳೆತನ ಹಳತಾಗಿತ್ತು. ನೀನು ಪಿಯುಸಿಯ ಎರಡು ವರ್ಷ ಅಡಿಕೆ ಮೂಟೆಗಳ ಪಕ್ಕದ ಕೋಣೆಯಲ್ಲಿ ಆನ್‌ಲೈನ್ ಕೋಚಿಂಗು ನೋಡಿದವಳು. ಜಗಳ, ರಾಜಿ, ಕೀಟಲೆ ಯಾವುದಕ್ಕೂ ಜೊತೆಗೊಬ್ಬರಿರಲಿಲ್ಲ. ಈಗ ನೀನು ವಾಕ್ಯ ಜೋಡಿಸಿ, ತಪ್ಪಿದೆಯಾ ನೋಡಿ, ಬಾಯಿ ತೆರೆಯುವಷ್ಟರಲ್ಲಿ ಅವರ ಜೋಕು ಎರಡು ಊರು ದಾಟಿರುತ್ತದೆ.

ಮೊದಲ ವಾರ ಎಲ್ಲರೂ ಕೇಳಿದ್ದು ಒಂದೇ: ರ‍್ಯಾಂಕ್ ಎಷ್ಟು? ನೀನು ಹೇಳಿದೆ. 'ಓ, ಗರ್ಲ್ಸ್ ಸೀಟಾ?' ಎಂದ ಒಬ್ಬ, ನಗುತ್ತಲೇ. 2018ರಿಂದ ಐಐಟಿಗಳಲ್ಲಿ ಹುಡುಗಿಯರಿಗೆ ಕೊಡುತ್ತಿರುವುದು ಹೆಚ್ಚುವರಿ ಸೀಟುಗಳನ್ನು. ಅದರಿಂದ ಯಾವ ಹುಡುಗನ ಸೀಟೂ ಹೋಗಿಲ್ಲ. ಈ ಉತ್ತರ ನಿನಗೆ ಹೊಳೆದದ್ದು ರಾತ್ರಿ ಹನ್ನೊಂದಕ್ಕೆ, ಹಲ್ಲುಜ್ಜುವಾಗ.

ಇವತ್ತು ಮಧ್ಯಾಹ್ನ ಗಣಿತದ ಮೊದಲ ಕ್ವಿಜ್ಜಿನ ಅಂಕ ಬಂತು. 20ಕ್ಕೆ 8. ಎಸ್ಸೆಸ್ಸೆಲ್ಸಿಯಲ್ಲಿ ನಿನ್ನ ಫೋಟೊ ಪೇಪರಿನಲ್ಲಿ ಬಂದಿತ್ತು, ನಿಜ. ಈ ಮೆಸ್ಸಿನಲ್ಲಿ ಉಣ್ಣುತ್ತಿರುವ ಮುಕ್ಕಾಲು ಜನರದ್ದೂ ಬಂದಿರಬೇಕು. ಅನೇಕ ಕೋರ್ಸುಗಳಲ್ಲಿ ಉಳಿದವರು ಎಷ್ಟು ತೆಗೆದರು ಎಂಬುದರ ಮೇಲೆ ನಿನ್ನ ಗ್ರೇಡು ನಿಂತಿದೆ. ಹೀಗಿರುವಾಗ ಪಕ್ಕದವಳ ಹತ್ತಿರ ಹೋಗಿ 'ಇದು ಬರಲಿಲ್ಲ, ಹೇಳಿಕೊಡು' ಎನ್ನಲು ನಾಲಿಗೆ ಏಳದಿದ್ದರೆ ಅದನ್ನು ಬರೀ ಹುಡುಗಿಯ ಸಂಕೋಚದ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಹಾಸ್ಟೆಲಿಗೆ ವಾಪಸು ಹೊರಟರೆ ರಸ್ತೆಬದಿಯಲ್ಲಿ ಜಿಂಕೆಗಳು. ಮೊದಲ ವಾರ ಎಲ್ಲರೂ ಫೋಟೊ ತೆಗೆದಿದ್ದರು, ಈಗ ಯಾರೂ ತಿರುಗಿ ನೋಡುವುದಿಲ್ಲ. ಅಮ್ಮನ ಫೋನು.

'ಊಟ ಆಯ್ತಾ ಪುಟ್ಟಿ? ಫ್ರೆಂಡ್ಸ್ ಆದ್ರಾ?'

'ಹೂಂ ಅಮ್ಮ, ಆದ್ರು.'

ಬೆಳಿಗ್ಗೆ ಏಳಕ್ಕೆ ಕಾರಿಡಾರಿನಲ್ಲಿ ಕಿರುಚಾಟ. ನೀನು ಬಾತ್‌ರೂಮಿನಿಂದ ಓಡಿ ಬಂದರೆ ನಿನ್ನ ಕೋಣೆಯ ಬಾಗಿಲೇ ತೆರೆದಿದೆ, ಮಂಚದ ಮೇಲೆ ಮಂಗ. ಅದರ ಕೈಯಲ್ಲಿ ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ಪೊಟ್ಟಣ. ಹುಡುಗಿಯರು ಗೋಡೆಗೆ ಅಂಟಿ ನಿಂತಿದ್ದಾರೆ. ಊರಲ್ಲಿ ತೋಟಕ್ಕೆ ಮಂಗ ನುಗ್ಗಿದರೆ ಮಾಡುವುದನ್ನೇ ನೀನು ಮಾಡುತ್ತೀಯ: ಕೈಯಲ್ಲಿದ್ದ ಬಕೆಟ್ಟನ್ನು ಮಗ್ಗಿನಿಂದ ಡಬಡಬ ಬಡಿದು, ಹೊಟ್ಟೆಯಾಳದಿಂದ ಒಂದು ಕೂಗು. 'ಹೋಯ್! ಹಡಬೆ ಮಂಗ! ಇಡು ಅದನ್ನ!' ಮಂಗ ಹಾರಿ ನಿನ್ನನ್ನು ದಾಟಿ ಕಟಕಟೆಯೇರಿ ಓಡಿತು, ಪೊಟ್ಟಣ ಬಿಡಲಿಲ್ಲ.

ಒಂದು ಕ್ಷಣ ಎಲ್ಲರೂ ನಿನ್ನನ್ನೇ ನೋಡುತ್ತಾರೆ. ಆಮೇಲೆ ಎದುರು ಕೋಣೆಯ ಗುಂಟೂರಿನ ಹುಡುಗಿ ನಕ್ಕು ನಕ್ಕು ನೆಲಕ್ಕೇ ಕೂರುತ್ತಾಳೆ.

'ಅದೇನು ಬೈದೆ? ತಿಂಡಿ ಇನ್ನೂ ಇದೆಯಾ, ಎಲ್ಲ ಹೋಯ್ತಾ?'

ಡಬ್ಬಿಯಲ್ಲಿ ಇದೆ. ಎಂಟರ ಕ್ಲಾಸಿಗೆ ಹೊತ್ತಾಗುತ್ತಿದ್ದರೂ ಮೂವರು ಬಾಗಿಲಲ್ಲೇ ಕೂತು ಮುರಿದು ತಿನ್ನುತ್ತಾರೆ.

'ಗಣಿತದಲ್ಲಿ ನಂಗೆ ಆರು' ಎನ್ನುತ್ತಾಳೆ ಅವಳು, ಬಾಯಿ ತುಂಬ ಚಕ್ಕುಲಿ.

'ನಂಗೆ ಎಂಟು.'

'ಎಂಟಾ? ಹಾಗಾದ್ರೆ ಮೂರನೇ ಲೆಕ್ಕ ನೀನೇ ಹೇಳ್ಕೊಡು, ಸಂಜೆ ಬರ್ತೀನಿ.'