ಕೀಲಿಕೈ ಕೊಡದ ಕಾಕಾ

2003ರ ಬರಗಾಲ. ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುತ್ತಾಳೆ, ದಂಡೆಯ ಮೇಲೆ ಗಳಗೇಶ್ವರನ ಗುಡಿ. ಎರಡು ಹೊಳೆ ಇದ್ದರೇನು, ನೀರೆತ್ತುವ ಮೋಟಾರ್ ಇಲ್ಲದವನ ಹತ್ತಿ ಒಣಗುವುದೇ.

ನಮ್ಮ ಕಾಕಾನ ಪಡಸಾಲೆಯಲ್ಲಿ ಒಂದು ಕಬ್ಬಿಣದ ಟ್ರಂಕು ಇತ್ತು. ಅಣ್ಣತಮ್ಮಂದಿರ ಮೂರೂ ಮನೆಯ ಎಣ್ಣಿ, ಅಂದರೆ ಕೀಟನಾಶಕದ ಡಬ್ಬಿ ಅದರೊಳಗೆ, ಕೀಲಿಕೈ ಅವನ ಉಡದಾರದಲ್ಲಿ. ಹೊಡೆಯುವ ದಿನ ಬೇಕಾದಷ್ಟೇ ಅಳೆದು ಕೊಟ್ಟು ಮತ್ತೆ ಕೀಲಿ ಜಡಿಯುತ್ತಿದ್ದ. ಹುಡುಗರು ಮುಟ್ಟಬಾರದು, ದನ ಬಾಯಿ ಹಾಕಬಾರದು ಅಂತ ಮಾಡಿದ್ದು, ಅಷ್ಟೇ.

ಚಳಿಗಾಲದ ಒಂದು ರಾತ್ರಿ ಅಂಗಳದಲ್ಲಿ ಹತ್ತಿಕಟ್ಟಿಗೆ ಹಾಕಿ ಬೆಂಕಿ ಕಾಯಿಸುತ್ತಿದ್ದೆವು. ದೊಡ್ಡಪ್ಪನ ಮಗ ಬಂದು ನಿಂತ.

"ಕಾಕಾ, ಕೀಲಿಕೈ ಕೊಡು. ಮುಂಜಾನೆ ಲಗೂನ ಎಣ್ಣಿ ಹೊಡಿಬೇಕು."

ಅವನ ಹತ್ತಿ ಒಣಗಿ ತಿಂಗಳಾಗಿತ್ತು. ಕಾಕಾ ಅವನ ಮುಖ ನೋಡಿದ. "ಕುಂದರು. ಚಾ ಕುಡಿ." ಚಾ ಬಂತು, ಅವನು ಮುಟ್ಟಲಿಲ್ಲ. ಕಾಕಾ ಸುತ್ತುಬಳಸದೆ ಕೇಳಿದ: "ಸಾಯಬೇಕು ಅನಸಾಕತ್ತೇತೇನಪಾ?"

ಹುಡುಗ ಅಳತೊಡಗಿದ. ಸೊಸೈಟಿ ಸಾಲ, ಗೊಬ್ಬರದ ಅಂಗಡಿಯ ಬಾಕಿ, ತಂಗಿಯ ಮದುವೆ, ಒಂದೊಂದೇ ಹೊರಬಂತು. ಕಾಕಾ ಬುದ್ಧಿ ಹೇಳಲಿಲ್ಲ. "ಮುಂದ?" ಅನ್ನುತ್ತ ಕಟ್ಟಿಗೆ ದೂಡುತ್ತಿದ್ದ. ಕೋಳಿ ಕೂಗುವವರೆಗೂ ಅವನನ್ನು ಏಳಗೊಡಲಿಲ್ಲ. ಬೆಳಗಾದ ಮೇಲೆ ತಾನೇ ಹಾವೇರಿಗೆ ಡಾಕ್ಟರ ಹತ್ತಿರ ಕರೆದೊಯ್ದ. ಆ ಹುಡುಗ ಇವತ್ತು ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದರಕ್ಕೆ ದಲಾಲರ ಜೊತೆ ಜಗಳಾಡುತ್ತಾನೆ. ಇದನ್ನು ಅವನೇ ನಾಲ್ಕು ಜನರ ಮುಂದೆ ಹೇಳುತ್ತಾನೆ, ಅದಕ್ಕೇ ಬರೆಯುತ್ತಿದ್ದೇನೆ.

ಅಂಥ ಕಾಕಾ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಈಗ 14416 ಸಹಾಯವಾಣಿಗೆ ಫೋನ್ ಮಾಡಿದರೆ ಟೆಲಿ ಮನಸ್‌ನವರು ಹಗಲುರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಕಾಕಾನ ಟ್ರಂಕಿನ ವಿದ್ಯೆಯನ್ನು ಆಮೇಲೆ ದೊಡ್ಡ ದೊಡ್ಡವರೇ ಪರೀಕ್ಷೆ ಮಾಡಿದರು. ಚೆನ್ನೈನ ಡಾ. ಲಕ್ಷ್ಮಿ ವಿಜಯಕುಮಾರ್ ಅವರ ಸ್ನೇಹಾ ಸಂಸ್ಥೆ ತಮಿಳುನಾಡಿನ ಹಳ್ಳಿಗಳಲ್ಲಿ ಊರಿಗೊಂದು ಕೋಣೆ ಮಾಡಿ, ಮನೆಗೊಂದು ಲಾಕರ್ ಕೊಟ್ಟು, ಕೀಟನಾಶಕವನ್ನೆಲ್ಲ ಅಲ್ಲೇ ಇಡಿಸಿತು, ಫಲ ಕಂಡಿತು. ಶ್ರೀಲಂಕಾದ ಅನುರಾಧಪುರದ ಕಡೆ 180 ಹಳ್ಳಿಗಳಲ್ಲಿ ಅಲ್ಲಿನವರೂ ಬ್ರಿಟನ್ನಿನ ವೈದ್ಯರೂ ಕೂಡಿ ಇನ್ನೊಂದು ಪರೀಕ್ಷೆ ನಡೆಸಿದರು. ಅಲ್ಲಿ ಕೊಟ್ಟದ್ದು ಮನೆಮನೆಗೆ ಕೀಲಿ ಇರುವ ಪೆಟ್ಟಿಗೆ. 2017ರಲ್ಲಿ ಫಲಿತಾಂಶ ಬಂತು: ಪೆಟ್ಟಿಗೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ.

ಕಾಕಾನಿಗೆ ಹೇಳಿದರೆ ನಕ್ಕ. "ಮನಿಯಾಗ ಪೆಟ್ಟಿಗಿ, ಮನಿಯಾಗ ಕೀಲಿಕೈ. ಹೆಂಗ ತಪ್ಪೀತೋ?"

ಲಂಕೆಯಲ್ಲಿ ನಿಜಕ್ಕೂ ತಪ್ಪಿಸಿದ್ದು ಬೇರೆ. ಅತಿ ವಿಷದ ಔಷಧಗಳನ್ನು ಸರಕಾರ ಒಂದೊಂದಾಗಿ ಅಂಗಡಿಯಿಂದಲೇ ತೆಗೆಸಿತು: 1984ರಿಂದ ಶುರು, 1995ರಲ್ಲಿ ಮೊನೊಕ್ರೊಟೊಫಾಸ್, 1998ರಲ್ಲಿ ಎಂಡೋಸಲ್ಫಾನ್. 1995ರ ನಂತರದ ಎರಡು ದಶಕಗಳಲ್ಲಿ ಆತ್ಮಹತ್ಯೆ ಪ್ರಮಾಣ ಶೇ. 70ರಷ್ಟು ಇಳಿಯಿತು. ಸಾಯಬೇಕೆನ್ನುವ ಆ ಗಳಿಗೆ ಎಷ್ಟೋ ಜನರಿಗೆ ಬಂದು ಹೋಗುವಂಥದ್ದು. ಆಗ ಕೈಗೆ ಸಿಗುವುದು ಅಷ್ಟು ಘೋರವಾಗಿರದಿದ್ದರೆ ಮನುಷ್ಯ ಬದುಕುತ್ತಾನೆ, ಬದುಕಿದವರಲ್ಲಿ ಹೆಚ್ಚಿನವರು ಮತ್ತೆ ಆ ದಾರಿ ಹಿಡಿಯುವುದಿಲ್ಲ.

ಕಾಕಾ ಒಕ್ಕಲಿಗನ ಪ್ರಶ್ನೆಯನ್ನೇ ಕೇಳಿದ. "ಎಣ್ಣಿ ಬಂದ್ ಮಾಡಿದ್ರ ಬೆಳಿ?"

ಇಳುವರಿ ಕಮ್ಮಿಯಾದದ್ದು ಕಾಣಲಿಲ್ಲ ಅಂತ ಅಲ್ಲಿ ಲೆಕ್ಕ ಹಾಕಿದವರು ಬರೆದಿದ್ದಾರೆ ಅಂದೆ.

"ನಮ್ಮಲ್ಲಿ ಆ ಮೊನೊಕ್ರೊಟೊ ಯಾವಾಗ ಬಂದ್ ಆತು?"

ನಮ್ಮವರು ಹೊಡೆಯುತ್ತಿದ್ದ 36% ದ್ರಾವಣಕ್ಕೆ ಆದೇಶ ಬಂದದ್ದು 2023ರಲ್ಲಿ ಅಂದೆ. ಕಾಕಾ ಬೆರಳು ಮಡಚಿ ಎಣಿಸಿದ.

"ಇಪ್ಪತ್ತೆಂಟು ವರ್ಷ. ಎದರ ಸಲುವಾಗಿ ಕಾದ್ರೋ ತಮ್ಮಾ ಅವರು?"